ಲಿಲ್ಲಿಗೆ ಬಂದ ರೋಗ ಯಾವುದು? ಬರ್ಮುಡಾ ದ್ವೀಪದ ಹಳೇ ಕೇಸು

ಹೋದ ವಾರದ ಮಾತನ್ನ ನೋಡೋದಕ್ಕಿಂತ ಓದೋಕೆ ಇಷ್ಟಪಡೋರಿಗಾಗಿ ಇಲ್ಲಿ ಬರೆದು ಹಾಕ್ತಿದ್ದೀನಿ. ವಿಡಿಯೊದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ಸಂಗತಿಗಳೂ ಇದರಲ್ಲಿ ಸೇರಿವೆ.

ವಿಷಯ ಲಿಲ್ಲಿ ಗಿಡದ ರೋಗ. ಇತಿಹಾಸ ಹೇಳೋ ಚಾನೆಲ್‌ಗೆ ಕೈತೋಟದ ಸಮಾಚಾರ ಯಾಕೆ ಬಂತು ಅಂತ ನೀವು ಕೇಳಬಹುದು. ಒಂದು ಪುಟ್ಟ ದ್ವೀಪದ ರೈತರು ಒಂದೇ ಒಂದು ಬಿಳಿ ಹೂವನ್ನ ನಂಬಿ ದುಡ್ಡು ಹಾಕಿದರು. ಆ ಹೂವಿಗೆ ರೋಗ ಬಂತು. ಒಬ್ಬರಾದ ಮೇಲೆ ಒಬ್ಬರು ತಜ್ಞರು ಬಂದು ಒಂದೊಂದು ಕಾರಣ ಹೇಳಿದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ದಡ್ಡರಾಗಿರಲಿಲ್ಲ. ಆದರೂ ಅಸಲಿ ಆರೋಪಿ ಸಿಕ್ಕಿಬೀಳೋಕೆ ಸುಮಾರು ನಲವತ್ತು ವರ್ಷ ಬೇಕಾಯಿತು. ಪ್ರೊಡಕ್ಷನ್‌ನಲ್ಲಿ ಒಂದೇ ಲಕ್ಷಣ ತೋರಿಸೋ ಮೂರು ಬಗ್‌ಗಳು ಒಟ್ಟಿಗೆ ಕೂತಿರೋದನ್ನ ನೋಡಿದವರಿಗೆ ಈ ಕಥೆ ಬೇಗ ಹಿಡಿಸುತ್ತೆ.

ಮೊದಲು ಒಂದು ಮಾತು. ನಾವು ಲಿಲ್ಲಿ ಅಂತ ಕರೆಯೋದೆಲ್ಲ ಲಿಲ್ಲಿ ಅಲ್ಲ. ಕೆರೆಯ ನೈದಿಲೆ ವಾಟರ್ ಲಿಲ್ಲಿ, ಆದರೆ ಲಿಲ್ಲಿ ಅಲ್ಲ. ಆಫೀಸಿನ ಮೂಲೆಯಲ್ಲಿರೋ ಪೀಸ್ ಲಿಲ್ಲಿ ನಮ್ಮ ಕೆಸುವಿನ ಕುಟುಂಬದ್ದು. ಮಳೆ ಬಿದ್ದ ಮರುದಿನ ಅರಳೋ ರೇನ್ ಲಿಲ್ಲಿಯೂ ಬೇರೆ ಕುಲವೇ. ಇಲ್ಲಿ ಮಾತಾಡ್ತಿರೋದು ನಿಜವಾದ ಲಿಲಿಯಂ ಬಗ್ಗೆ. ಬೆಳ್ಳುಳ್ಳಿ ಎಸಳಿನ ಹಾಗೆ ಪದರಪದರ ಇರೋ ಗಡ್ಡೆಯಿಂದ ನೇರವಾಗಿ ಒಂದು ಕಾಂಡ ಎದ್ದು, ತುದಿಯಲ್ಲಿ ತುತ್ತೂರಿಯಂಥ ಹೂ ಬಿಡೋ ಗಿಡ. ಪುಣೆ, ಹೈದರಾಬಾದಿನ ಹೂವಿನ ಅಂಗಡಿಗಳಲ್ಲಿ ಒಂದೊಂದು ಕಡ್ಡಿ ಲೆಕ್ಕದಲ್ಲಿ ದುಬಾರಿಗೆ ಮಾರ್ತಾರಲ್ಲ, ಅದೇ. ನಮ್ಮ ಪಶ್ಚಿಮ ಘಟ್ಟದಲ್ಲೂ ಇದರ ಒಂದು ಕಾಡು ಜಾತಿ ಇದೆ, ನೀಲಗಿರಿ ಲಿಲ್ಲಿ ಅಂತ.

ಕಥೆ ಶುರುವಾಗೋದು ಬರ್ಮುಡಾದಲ್ಲಲ್ಲ, ಇಂಗ್ಲೆಂಡಿನಲ್ಲಿ. ಅದಕ್ಕೂ ಸ್ವಲ್ಪ ಹಿಂದೆ ಹೋದರೆ ನಮ್ಮ ಪಕ್ಕದ ಸಿಲೋನಿನಲ್ಲಿ.

ಹ್ಯಾರಿ ಮಾರ್ಷಲ್ ವಾರ್ಡ್ ಅನ್ನೋ ಹುಡುಗ, ಹುಟ್ಟಿದ್ದು 1854ರಲ್ಲಿ. ಸಿಲೋನಿನ ಕಾಫಿ ತೋಟಗಳಿಗೆ 1869ರಲ್ಲಿ ಎಲೆ ತುಕ್ಕು ರೋಗ ಬಿದ್ದು ಪ್ಲಾಂಟರ್‌ಗಳೆಲ್ಲ ಕಂಗಾಲಾಗಿದ್ದಾಗ, ಅಲ್ಲಿನ ಸರ್ಕಾರ ಇವನನ್ನ ಕರೆಸಿಕೊಂಡಿತು. 1880ರಿಂದ 1882ರ ತನಕ ಅಲ್ಲಿದ್ದ. ಗಾಜಿನ ಚೂರಿಗೆ ಗ್ಲಿಸರಿನ್ ಸವರಿ ತೋಟದ ಗಾಳಿಗೆ ಇಟ್ಟ. ಅಂಟಿಕೊಂಡಿದ್ದನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರೋಗದ ಬೀಜಕಣಗಳು ಸಿಕ್ಕವು. ಅಂದರೆ ಗಾಳಿಯಲ್ಲೇ ಬರ್ತಿವೆ. ಎಲೆ ಮೇಲೆ ನೀರು ನಿಂತಾಗ ಮೊಳೆಯುತ್ತವೆ, ಎಲೆಯ ಉಸಿರುರಂಧ್ರದಿಂದ ಒಳಗೆ ನುಗ್ಗುತ್ತವೆ. ಒಳಗೆ ಹೋದಮೇಲೆ ಏನು ಹೊಡೆದರೂ ಉಪಯೋಗ ಕಡಿಮೆ, ಔಷಧಿ ಮುಂಚೆಯೇ ಎಲೆ ಮೇಲಿರಬೇಕು. ಗುಡ್ಡದ ಮೇಲೆ ಗುಡ್ಡ ಒಂದೇ ಬೆಳೆ ಹಾಕಿದ್ದೇ ರೋಗಕ್ಕೆ ಹಬ್ಬವಾಯಿತು. ಇಷ್ಟನ್ನೂ ಅವನು ಬರೆದುಕೊಟ್ಟ. ಪ್ಲಾಂಟರ್‌ಗಳಿಗೆ ಬೇಕಿದ್ದದ್ದು ಔಷಧಿ, ಸಿಕ್ಕಿದ್ದು ರಿಪೋರ್ಟು. ಸಿಲೋನಿನ ಕಾಫಿ ಹೋಯಿತು, ಟೀ ಬಂತು. ಇವತ್ತು ನಾವು ಸಿಲೋನ್ ಟೀ ಅಂತೀವಲ್ಲ, ಅದರ ಹಿಂದೆ ಇರೋದು ಒಂದು ಶಿಲೀಂಧ್ರ.

ವಾಪಸ್ ಹೋದ ವಾರ್ಡ್‌ಗೆ 1885ರಲ್ಲಿ ಕೆಲಸ ಸಿಕ್ಕಿದ್ದು ಕೂಪರ್ಸ್ ಹಿಲ್‌ನಲ್ಲಿ. ಅದು ಲಂಡನ್ ಹತ್ತಿರದ ರಾಯಲ್ ಇಂಡಿಯನ್ ಇಂಜಿನಿಯರಿಂಗ್ ಕಾಲೇಜು. ಹೆಸರೇ ಹೇಳೋ ಹಾಗೆ, ಇಂಡಿಯಾದ ಪಿಡಬ್ಲ್ಯುಡಿಗೆ, ಟೆಲಿಗ್ರಾಫಿಗೆ ಇಂಜಿನಿಯರ್‌ಗಳನ್ನ ತಯಾರು ಮಾಡೋಕೆ ಕಟ್ಟಿದ್ದು. ನಮ್ಮ ಅರಣ್ಯ ಇಲಾಖೆಗೆ ಬರೋ ಅಧಿಕಾರಿಗಳಿಗೂ ಅಲ್ಲೇ ತರಬೇತಿ ಶುರುವಾಗಿತ್ತು. ಅವರಿಗೆ ಸಸ್ಯಶಾಸ್ತ್ರ ಹೇಳಿಕೊಡೋ ಮೇಷ್ಟ್ರು ಈ ವಾರ್ಡ್.

ಅಲ್ಲಿದ್ದಾಗಲೇ, 1888ರಲ್ಲಿ, ಅವನು ಲಿಲ್ಲಿಯ ಒಂದು ರೋಗದ ಬಗ್ಗೆ ಅರವತ್ತು ಪುಟ ದಾಟೋ ಲೇಖನ ಬರೆದ. ಇಂಗ್ಲೆಂಡಿನ ಮನೆಮನೆ ತೋಟದಲ್ಲಿದ್ದ ಬಿಳಿ ಮಡೋನಾ ಲಿಲ್ಲಿಗೆ ಮಳೆ ಹಿಡಿದರೆ ಸಾಕು, ಎಲೆ ಮೇಲೆ ಕಂದು ಕಲೆ, ಮೊಗ್ಗಿನ ಮೇಲೆ ಕಲೆ, ಆಮೇಲೆ ಎಲೆಗಳು ಬೆಂದ ಸೊಪ್ಪಿನ ಹಾಗೆ ಕಾಂಡಕ್ಕೆ ಜೋತುಬೀಳ್ತಿದ್ದವು. ಕಲೆ ಮೇಲೆ ಬೂದು ಬಣ್ಣದ ಬೂಸ್ಟು. ಮಳೆ ಜಾಸ್ತಿಯಾಗಿ ಗಿಡ ಕೊಳೀತು, ಕೊಳೆತಿದ್ದರ ಮೇಲೆ ಬೂಸ್ಟು ಬಂತು ಅಂದುಕೊಳ್ಳೋದು ಸುಲಭ. ಹಾಗಿದ್ದರೆ ಬೂಸ್ಟು ಕಾರಣವೋ, ಪರಿಣಾಮವೋ? ಇದೇ ಪ್ರಶ್ನೆ.

ವಾರ್ಡ್ ಆ ಬೂಸ್ಟಿನ ಬೀಜಕಣಗಳನ್ನ ನೀರಿನ ಹನಿಯಲ್ಲಿ ಬೆಳೆಸಿ, ಕೂತು ನೋಡಿದ. ಆರೋಗ್ಯವಾಗಿದ್ದ ಗಿಡದ ಮೇಲೆ ಬೀಜಕಣ ಇಟ್ಟ, ಅಲ್ಲೇ ಕಲೆ ಎದ್ದಿತು. ಶಿಲೀಂಧ್ರದ ಎಳೆ ಒಂದು ದ್ರವ ಬಿಟ್ಟು ಗಿಡದ ಜೀವಕೋಶದ ಗೋಡೆಯನ್ನ ಕರಗಿಸಿಕೊಂಡು ಒಳಗೆ ಹೋಗುತ್ತೆ ಅಂತ ತೋರಿಸಿದ. ಕಾಫಿ ತುಕ್ಕು ತೆರೆದಿದ್ದ ಬಾಗಿಲಿಂದ ಒಳಗೆ ಬಂದರೆ, ಇದು ಗೋಡೆಗೇ ಕನ್ನ ಹಾಕೋ ಕಳ್ಳ. ಸಸ್ಯರೋಗ ಶಾಸ್ತ್ರದಲ್ಲಿ ಈ ಲೇಖನಕ್ಕೆ ಇವತ್ತಿಗೂ ಗೌರವ ಇದೆ.

ಆ ಬೂಸ್ಟಿನ ಕುಲ ಬೋಟ್ರೈಟಿಸ್. ಲಿಲ್ಲಿಯನ್ನ ಕಾಡೋ ಮುಖ್ಯ ಜಾತಿಗೆ ಇವತ್ತಿನ ಹೆಸರು ಬೋಟ್ರೈಟಿಸ್ ಎಲಿಪ್ಟಿಕಾ. ಅದನ್ನ ಈ ಕುಲಕ್ಕೆ ಸೇರಿಸಿದವರು ಎಂ. ಸಿ. ಕುಕ್. ಇದೇ ಕುಕ್ 1876ರಲ್ಲಿ ಮೈಸೂರು ಸೀಮೆಯ ಕಾಫಿಗೆ ಬಂದ ಇನ್ನೊಂದು ಶಿಲೀಂಧ್ರಕ್ಕೆ ಪೆಲಿಕ್ಯುಲೇರಿಯಾ ಕೊಳೆರೋಗ ಅಂತ ನಾಮಕರಣ ಮಾಡಿದ್ದರು. ಹೌದು, ನಮ್ಮ ಕೊಳೆರೋಗವೇ, ಲ್ಯಾಟಿನ್ ಪಕ್ಕದಲ್ಲಿ ಅಚ್ಚ ಕನ್ನಡ. ಮೊದಲ ಸಲ ಇದನ್ನ ನೋಡಿದಾಗ ನನಗೆ ಆಗಿದ್ದ ಖುಷಿ ಅಷ್ಟಿಷ್ಟಲ್ಲ.

ಕಾರಣ ಗೊತ್ತಾಯಿತು, ಔಷಧಿ? ಅದು ಅಷ್ಟರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಗಿತ್ತು. 1882ರಲ್ಲಿ ಮಿಲ್ಲಾರ್ಡೆ ಅನ್ನೋ ಪ್ರೊಫೆಸರ್ ಬೋರ್ಡೋ ಪ್ರಾಂತ್ಯದ ದ್ರಾಕ್ಷಿ ತೋಟದ ಪಕ್ಕ ಹೋಗ್ತಿದ್ದಾಗ, ರಸ್ತೆ ಬದಿಯ ಸಾಲಿನಲ್ಲಿ ಮಾತ್ರ ಎಲೆ ಹಸಿರಾಗಿ ಉಳಿದಿದ್ದನ್ನ ನೋಡಿದ. ದಾರಿಹೋಕರು ಹಣ್ಣು ಕೀಳದಿರಲಿ ಅಂತ ತೋಟದವರು ಮೈಲುತುತ್ತ, ಸುಣ್ಣ ಕಲಸಿ ಎರಚಿದ್ದರಂತೆ. ಮೂರು ವರ್ಷ ಪರೀಕ್ಷೆ ಮಾಡಿ 1885ರಲ್ಲಿ ಅವನು ಪ್ರಕಟಿಸಿದ್ದೇ ಬೋರ್ಡೋ ದ್ರಾವಣ. ಮಲೆನಾಡು, ಕರಾವಳಿ ಕಡೆಯವರಿಗೆ ಇದನ್ನ ಪರಿಚಯಿಸಬೇಕಾಗಿಲ್ಲ. ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ ಹೊಡೆಯೋ ನೀಲಿ ಔಷಧಿ ಅದೇ. ಅದಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಡೆಯೋ ಪದ್ಧತಿ ಇತ್ತು. ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನ ಅಭ್ಯಾಸ ಮಾಡಿ 1910ರಲ್ಲಿ ಬರೆದು, ಈ ದ್ರಾವಣವನ್ನ ನಮ್ಮ ತೋಟಕ್ಕೆ ತಂದರು. ಸಿಲೋನಿನಲ್ಲಿ ವಾರ್ಡ್ ಹೇಳಿದ ಸೂತ್ರವೇ ಇಲ್ಲೂ ನಡೆಯೋದು. ಬೀಜಕಣ ಮೊಳೆಯೋಕೆ ಮುಂಚೆ ತಾಮ್ರ ಅಲ್ಲಿರಬೇಕು. ರೋಗ ಬಂದಮೇಲೆ ಹೊಡೆದರೆ ಮಳೆ ಬಂದಮೇಲೆ ಕೊಡೆ ಹುಡುಕಿದ ಹಾಗೆ.

ಈಗ ಬರ್ಮುಡಾ. ಅಮೆರಿಕದ ಪೂರ್ವ ತೀರದಿಂದ ಸುಮಾರು 1000 ಕಿಲೋಮೀಟರ್ ದೂರ, ಅಟ್ಲಾಂಟಿಕ್ ನಡುವೆ, ಒಟ್ಟು ವಿಸ್ತೀರ್ಣ 53 ಚದರ ಕಿಲೋಮೀಟರ್. ನಮ್ಮ ಒಂದು ಹೋಬಳಿಗಿಂತ ಸಣ್ಣದು. ಅಲ್ಲಿ ಬೆಳೀತಿದ್ದ ಬಿಳಿ ಲಿಲ್ಲಿ ಮೂಲತಃ ಜಪಾನಿನ ದಕ್ಷಿಣದ ದ್ವೀಪಗಳದ್ದು. ಬರ್ಮುಡಾದ ಹವೆಗೆ ಚೆನ್ನಾಗಿ ಒಗ್ಗಿಕೊಂಡಿತು. 1870ರ ದಶಕದಲ್ಲಿ ಆ ಗಡ್ಡೆಗಳು ಫಿಲಡೆಲ್ಫಿಯಾ ತಲುಪಿ, ಅಲ್ಲಿನ ನರ್ಸರಿಯವನಾದ ಹ್ಯಾರಿಸ್ ಅದನ್ನ ಈಸ್ಟರ್ ಹಬ್ಬಕ್ಕೆ ಸರಿಯಾಗಿ ಅರಳಿಸಿ ಮಾರಿದ. ಚರ್ಚುಗಳ ತುಂಬ ಬಿಳಿ ಲಿಲ್ಲಿ. ವರ್ಷಕ್ಕೊಂದು ಹಬ್ಬ, ಖಚಿತವಾದ ಗಿರಾಕಿ, ದಸರಾ ಹಿಂದಿನ ದಿನದ ಚೆಂಡುಹೂವಿನ ಮಾರುಕಟ್ಟೆ ನೆನಪು ಮಾಡಿಕೊಳ್ಳಿ. ಬರ್ಮುಡಾದ ರೈತರು ಈರುಳ್ಳಿ, ಆಲೂಗಡ್ಡೆ ಜೊತೆಗೆ ಲಿಲ್ಲಿ ಗಡ್ಡೆ ಬೆಳೆದು ಅಮೆರಿಕಕ್ಕೆ ಹಡಗಿನಲ್ಲಿ ಕಳಿಸತೊಡಗಿದರು.

ಸ್ವಲ್ಪ ವರ್ಷಕ್ಕೆ ದೂರು ಬಂತು. ಎಲೆ ಮೇಲೆ ಬಿಳಿಚು ಮಚ್ಚೆ, ಪಟ್ಟೆ. ಎಲೆ ತಿರುಚಿಕೊಳ್ಳುತ್ತೆ, ಗಿಡ ಗಿಡ್ಡವಾಗುತ್ತೆ, ಹೂ ಸೊಟ್ಟ. ದುಡ್ಡು ಕೊಟ್ಟು ಗಡ್ಡೆ ತಂದು, ಗಾಜಿನ ಮನೆಯಲ್ಲಿ ಇದ್ದಿಲು ಸುಟ್ಟು ಬೆಚ್ಚಗಿಟ್ಟು ಬೆಳೆಸಿದ ಅಮೆರಿಕದ ನರ್ಸರಿಯವರಿಗೆ ಹಬ್ಬದ ಹೊತ್ತಿಗೆ ಕೈಗೆ ಬಂದದ್ದು ಮಾರಲಾಗದ ಹೂವು.

ವಾರ್ಡ್ ಲೇಖನ ಬಂದು ಎರಡೇ ವರ್ಷ ಆಗಿತ್ತು. 1890ರಲ್ಲಿ ಎ. ಎಲ್. ಕೀನ್ ಬರ್ಮುಡಾದ ಲಿಲ್ಲಿ ರೋಗದ ಬಗ್ಗೆ ಬರೆದಾಗ ತೋರಿಸಿದ್ದು ಬೋಟ್ರೈಟಿಸ್ ಬೂಸ್ಟನ್ನೇ. ಅದು ಅಲ್ಲಿ ಇದ್ದದ್ದು ನಿಜ. ತೇವದ ದ್ವೀಪ, ಒತ್ತೊತ್ತಾಗಿ ಲಿಲ್ಲಿ, ಬೋಟ್ರೈಟಿಸ್ ಇಲ್ಲದಿದ್ದರೇ ಆಶ್ಚರ್ಯ. ಆದರೆ ಆ ಬೂಸ್ಟಿನಿಂದ ಆಗೋದು ಕಂದು ಕಲೆ, ಕೊಳೆ. ಬಿಳಿಚು ಪಟ್ಟೆ, ತಿರುಚು, ವರ್ಷದಿಂದ ವರ್ಷಕ್ಕೆ ಕುಗ್ಗೋ ಗಿಡ, ಇವು ಅದರ ಲಕ್ಷಣವಲ್ಲ. ಲಾಗ್‌ನಲ್ಲಿ ಮೊದಲು ಕಂಡ ಎರರ್ ನಿಜವೇ, ಆದರೆ ಸಿಸ್ಟಮ್ ಬಿದ್ದದ್ದು ಬೇರೆ ಕಾರಣಕ್ಕೆ.

ಮುಂದೆ ಅಮೆರಿಕದ ಕೃಷಿ ಇಲಾಖೆ ಆಲ್ಬರ್ಟ್ ವುಡ್ಸ್‌ಗೆ ಕೆಲಸ ಕೊಟ್ಟಿತು. ಅವರ ವರದಿ ಬಂದದ್ದು 1897ರಲ್ಲಿ. ನನ್ನ ಮಟ್ಟಿಗೆ ಈ ಕಥೆಯ ಅತಿ ಕುತೂಹಲದ ಮನುಷ್ಯ ಈ ವುಡ್ಸ್. ಇದು ಬರೀ ಬೋಟ್ರೈಟಿಸ್ ಅಲ್ಲ ಅಂತ ಅವರಿಗೆ ಗೊತ್ತಾಯಿತು. ಗಡ್ಡೆಯನ್ನ ತಿನ್ನೋ ನುಸಿ, ಹೇನು, ಶಿಲೀಂಧ್ರ, ಬ್ಯಾಕ್ಟೀರಿಯಾ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದರು. ಅದಕ್ಕಿಂತ ಮುಖ್ಯವಾಗಿ ರೈತರ ಗಡ್ಡೆ ಆರಿಸೋ ಪದ್ಧತಿ ಸರಿಯಿಲ್ಲ ಅಂತ ಬೆರಳಿಟ್ಟರು. ದಪ್ಪ ಗಡ್ಡೆಗೆ ಒಳ್ಳೆ ರೇಟು, ಹಾಗಾಗಿ ಅದು ಹಡಗಿಗೆ. ಮಿಕ್ಕ ಪೀಚು ಗಡ್ಡೆ ವಾಪಸ್ ಹೊಲಕ್ಕೆ. ವರ್ಷಾನುಗಟ್ಟಲೆ ಹೀಗೆ ಮಾಡಿದರೆ ತಳಿಯೇ ದುರ್ಬಲವಾಗುತ್ತೆ ಅಂತ ಅವರ ವಾದ. ಆರೋಗ್ಯವಾದ ಗಿಡದ ಗಡ್ಡೆಯನ್ನೇ ಆರಿಸಿ ನೆಡಿ ಅನ್ನೋದು ಅವರ ಸಲಹೆ.

ಈಗ ಗೊತ್ತಿರೋದನ್ನ ಇಟ್ಟುಕೊಂಡು ಅದನ್ನೇ ಮತ್ತೆ ನೋಡಿ. ಪೀಚು ಗಡ್ಡೆ ಪೀಚಾಗಿದ್ದದ್ದು ಯಾಕೆ? ಒಳಗೆ ವೈರಸ್ ಇತ್ತು. ಅಂದರೆ ದ್ವೀಪದ ರೈತರು ಪ್ರತಿ ವರ್ಷ ಆರೋಗ್ಯವಾದದ್ದನ್ನ ರಫ್ತು ಮಾಡಿ, ಸೋಂಕು ಇರೋದನ್ನೇ ಆರಿಸಿ ಆರಿಸಿ ಮನೆಯಲ್ಲಿ ಸಾಕ್ತಿದ್ದರು. ವುಡ್ಸ್ ಹೇಳಿದ ಕಾರಣ ಸರಿ ಇರಲಿಲ್ಲ, ಹೇಳಿದ ಮದ್ದು ಮಾತ್ರ ಬಹುಮಟ್ಟಿಗೆ ಸರಿ ಇತ್ತು.

ಅವರು ವೈರಸ್ ಅಂತ ಯಾಕೆ ಹೇಳಲಿಲ್ಲ? ಹೇಳೋಕೆ ಆ ಪದಕ್ಕೆ ಆಗ ಈಗಿನ ಅರ್ಥವೇ ಇರಲಿಲ್ಲ. ತಂಬಾಕಿನ ಮೊಸಾಯಿಕ್ ರೋಗದ ರಸವನ್ನ, ಬ್ಯಾಕ್ಟೀರಿಯಾ ಕೂಡ ದಾಟದ ಫಿಲ್ಟರಿನಲ್ಲಿ ಸೋಸಿದರೂ ರೋಗ ಹರಡುತ್ತೆ ಅಂತ ರಷ್ಯಾದ ಇವನೋವ್‌ಸ್ಕಿ 1892ರಲ್ಲಿ ತೋರಿಸಿದ್ದ. ಇದು ಹೊಸ ಬಗೆಯ ಸೋಂಕು ಅಂತ ಡಚ್ ವಿಜ್ಞಾನಿ ಬೈಯರಿಂಕ್ ಧೈರ್ಯ ಮಾಡಿ ಹೇಳಿದ್ದು 1898ರಲ್ಲಿ, ಅಂದರೆ ವುಡ್ಸ್ ವರದಿ ಬಂದ ಮರುವರ್ಷ. ಆಮೇಲೂ ವುಡ್ಸ್ ಒಪ್ಪಲಿಲ್ಲ. ಮೊಸಾಯಿಕ್ ಅನ್ನೋದು ಗಿಡದೊಳಗಿನ ಕಿಣ್ವಗಳ ಏರುಪೇರು ಅಂತಲೇ ವಾದಿಸಿದರು. ಅವರನ್ನ ಬೈಯೋ ಹಾಗಿಲ್ಲ. ತಂಬಾಕಿನ ಮೊಸಾಯಿಕ್ ವೈರಸ್ಸಿನ ಮೊದಲ ಚಿತ್ರ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಸಿಕ್ಕಿದ್ದು 1939ರಲ್ಲಿ. ವಾರ್ಡ್‌ಗೆ ತನ್ನ ಆರೋಪಿ ಕಣ್ಣೆದುರಿಗೆ ಎಳೆ ಬಿಡೋದು ಕಾಣ್ತಿತ್ತು. ವುಡ್ಸ್ ಅದಕ್ಕಿಂತ ಕಷ್ಟದ ಕೇಸು ಹಿಡಿದು, ಏನೂ ಕಾಣದ ಕಡೆ ನೋಡ್ತಾ ಕೂತಿದ್ದರು.

ಲಾರೆನ್ಸ್ ಓಗಿಲ್ವಿ ಅನ್ನೋ ಸ್ಕಾಟ್‌ಲೆಂಡಿನ ಹುಡುಗ 1923ರಲ್ಲಿ ಬರ್ಮುಡಾಕ್ಕೆ ಸಸ್ಯರೋಗ ತಜ್ಞನಾಗಿ ಬಂದಾಗ ಇನ್ನೂ ಇಪ್ಪತ್ತೈದರ ವಯಸ್ಸು. ಅಷ್ಟೊತ್ತಿಗೆ ಬೈಗುಳವೆಲ್ಲ ಹೇನಿನ ಮೇಲೆ. ಹೇನು ರಸ ಹೀರಿ ಎಲೆ ತಿರುಚಿಸುತ್ತೆ ಅಂತ. ಹೇನು ಇದ್ದದ್ದೂ ನಿಜ, ಮುತ್ತೋದೂ ನಿಜ. ಓಗಿಲ್ವಿ ಬಿಡಿಸಿದ ಗಂಟು ಇದು: ಹೇನು ಕೊಲೆಗಾರ ಅಲ್ಲ, ಕೊರಿಯರ್. ರೋಗದ ಗಿಡದಿಂದ ಒಳ್ಳೆ ಗಿಡಕ್ಕೆ ವೈರಸ್ ಸಾಗಿಸೋದು ಅದರ ಪಾತ್ರ. 1927ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು.

ವ್ಯತ್ಯಾಸ ಸಣ್ಣದು ಅನಿಸಬಹುದು. ಹೇಗಿದ್ದರೂ ಹೇನು ಕೊಂದರಾಯಿತಲ್ಲ? ಆಗಲ್ಲ. ಲಿಲ್ಲಿಗೆ ಬರೋ ಮೊಸಾಯಿಕ್ ವೈರಸ್‌ಗಳನ್ನ ಹೇನು ತನ್ನ ಸೂಜಿಬಾಯಿಯಿಂದ ಕೆಲವೇ ಕ್ಷಣದಲ್ಲಿ ಅಂಟಿಸಿಕೊಂಡು, ಮುಂದಿನ ಗಿಡದಲ್ಲಿ ರುಚಿ ನೋಡೋಷ್ಟರಲ್ಲಿ ಬಿಟ್ಟು ಹೋಗುತ್ತೆ. ನೀವು ಹೊಡೆದ ಔಷಧಿಗೆ ಅದು ಸಾಯೋ ಹೊತ್ತಿಗೆ ಡೆಲಿವರಿ ಮುಗಿದಿರುತ್ತೆ. ಹಾಗಾಗಿ ಕಾಪಾಡೋ ದಾರಿ ಒಂದೇ, ವೈರಸ್ಸಿನ ಮೂಲವನ್ನೇ ತೆಗೆಯೋದು. ಹೊಲ ಹೊಲ ತಿರುಗಿ ಮಚ್ಚೆ ಇರೋ ಗಿಡ ಕಂಡರೆ ಗಡ್ಡೆ ಸಮೇತ ಕಿತ್ತು ನಾಶ ಮಾಡೋದು, ಹಡಗಿಗೆ ಹೋಗೋ ಮುಂಚೆ ಪ್ಯಾಕಿಂಗ್ ಮನೆಯಲ್ಲಿ ತಪಾಸಣೆ ಮಾಡೋದು. ಬರ್ಮುಡಾ ಸರ್ಕಾರ ಈ ಕಟ್ಟುನಿಟ್ಟು ತಂದಿತು. ರಫ್ತು ಚೇತರಿಸಿಕೊಂಡಿತು ಕೂಡ, ಆದರೆ ಅಷ್ಟರಲ್ಲಿ ಜಪಾನಿನ ಗಡ್ಡೆ ಅಮೆರಿಕದ ಮಾರುಕಟ್ಟೆ ಹಿಡಿದಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ದಾರಿ ಮುಚ್ಚಿದಾಗ ಆ ವ್ಯಾಪಾರ ಕ್ಯಾಲಿಫೋರ್ನಿಯಾ, ಒರೆಗಾನ್ ಗಡಿಯ ಕರಾವಳಿಗೆ ಹೋಯಿತು. ಬರ್ಮುಡಾಕ್ಕೆ ಮತ್ತೆ ಆ ಮೊದಲ ಕಾಲ ಬರಲಿಲ್ಲ.

ವಿಡಿಯೊ ನೋಡಿದ ಕೆಲವರು ಕೇಳಿದ್ದು: ನಮ್ಮ ಬಾಲ್ಕನಿ ಕುಂಡದಲ್ಲಿ ಲಿಲ್ಲಿ ಇದೆ, ಎಲೆ ಹಾಳಾಗ್ತಿದೆ, ಏನು ಹೊಡೀಬೇಕು? ಹೊಡೆಯೋದು ಆಮೇಲೆ, ಮೊದಲು ನೋಡಿ. ಮೇಲಿನ ಇತಿಹಾಸವೇ ನಿಮ್ಮ ಚೆಕ್‌ಲಿಸ್ಟ್.

ಕಲೆ ಕಂದು ಬಣ್ಣದ್ದಾಗಿ, ಮೊಟ್ಟೆಯಾಕಾರ ಇದ್ದು, ಮಳೆ ಹಿಡಿದ ವಾರದಲ್ಲಿ ಕೆಳಗಿನ ಎಲೆಯಿಂದ ಮೇಲಕ್ಕೆ ಏರ್ತಿದ್ದರೆ ಅದು ವಾರ್ಡ್‌ನ ಬೂಸ್ಟು. ಇದರಲ್ಲಿ ಸಮಾಧಾನದ ವಿಷಯ, ಗಡ್ಡೆ ಸಾಮಾನ್ಯವಾಗಿ ಉಳಿಯುತ್ತೆ, ಮುಂದಿನ ವರ್ಷ ಗಿಡ ಬರುತ್ತೆ. ಕಲೆ ಬಿದ್ದ ಎಲೆ, ಉದುರಿದ ಎಲೆ ಎಲ್ಲ ಆರಿಸಿ ತೆಗೀರಿ, ಯಾಕಂದರೆ ಶಿಲೀಂಧ್ರ ಆ ಕಸದಲ್ಲೇ ಮುಂದಿನ ಮಳೆಗೆ ಕಾಯುತ್ತೆ. ನೀರು ಬುಡಕ್ಕೆ ಹಾಕಿ, ಎಲೆ ಮೇಲಲ್ಲ, ಅದೂ ಬೆಳಿಗ್ಗೆ. ಕುಂಡಗಳ ನಡುವೆ ಗಾಳಿ ಆಡಲಿ. ಮುಂಬೈ, ಪುಣೆಯ ಮಳೆಗಾಲಕ್ಕೆ ಮುಂಚೆ ತಾಮ್ರದ ಶಿಲೀಂಧ್ರನಾಶಕ ಒಂದು ಸಲ ಸಿಂಪಡಿಸಿದರೆ ಉಪಯೋಗ. ಊರಲ್ಲಿ ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ನಾಲ್ಕು ಕುಂಡಕ್ಕೆ ಆ ರಗಳೆ ಬೇಡ, ಅಂಗಡಿಯಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಸಿಗುತ್ತೆ, ಪೊಟ್ಟಣದ ಮೇಲಿನ ಪ್ರಮಾಣ ಮೀರಬೇಡಿ.

ಕೆಳಗಿನ ಎಲೆ ಹಳದಿಯಾಗಿ ಗಿಡ ಸೊರಗ್ತಿದೆ, ಕಲೆ ಏನೂ ಇಲ್ಲ ಅಂದರೆ ಮಣ್ಣು ಕೆದಕಿ ಗಡ್ಡೆ ನೋಡಿ. ತಳ ಕಂದಾಗಿ ಪದರಗಳು ಕಳಚಿ ಕೈಗೆ ಬರ್ತಿದ್ದರೆ ಅದು ಫ್ಯುಸೇರಿಯಂ ಅನ್ನೋ ಮಣ್ಣಿನ ಶಿಲೀಂಧ್ರ. ಬಿಸಿ, ತೇವ ಎರಡೂ ಸೇರಿದರೆ ಅದಕ್ಕೆ ಸುಗ್ಗಿ. ಹೈದರಾಬಾದ್, ಚೆನ್ನೈಯಲ್ಲಿ ನೀರು ಜಾಸ್ತಿ ಹಾಕಿ ಲಿಲ್ಲಿ ಕಳಕೊಳ್ಳೋದು ಹೆಚ್ಚಾಗಿ ಹೀಗೇ. ಎಲೆಗೆ ಎಷ್ಟು ತಾಮ್ರ ಹೊಡೆದರೂ ತಳ ಸರಿಹೋಗಲ್ಲ. ಆ ಮಣ್ಣಲ್ಲಿ ಮತ್ತೆ ಲಿಲ್ಲಿ ಹಾಕಬೇಡಿ.

ಇನ್ನು ಎಲೆಯನ್ನ ಬೆಳಕಿಗೆ ಹಿಡಿದಾಗ ತಿಳಿಹಸಿರು ಪಟ್ಟೆ, ಮಚ್ಚೆ ಕಾಣ್ತಿದ್ದರೆ, ಹೊಸ ಎಲೆ ತಿರುಚಿದ್ದರೆ, ಹೋದ ವರ್ಷಕ್ಕಿಂತ ಈ ವರ್ಷ ಗಿಡ ಸಣ್ಣದಾಗಿದ್ದರೆ, ಅದು ಬಹುಶಃ ಬರ್ಮುಡಾದ ಕೇಸು. ಮೊಗ್ಗಿನ ಸಂದಿಯಲ್ಲಿ ಹೇನು, ಅಂಟಂಟು ಸಿಹಿ, ಇರುವೆ ಸಾಲು ಇವೆಯಾ ನೋಡಿ. ಬರೀ ಹೇನಿದ್ದು ಎಲೆ ಬಣ್ಣ ಸರಿಯಿದ್ದರೆ ನೀರಿನ ರಭಸಕ್ಕೆ ತೊಳೆದು, ಬೇವಿನೆಣ್ಣೆ ಸೋಪು ನೀರು ಹಾಕಿದರೆ ಸಾಕು. ಪಟ್ಟೆ ಬಂದಿದ್ದರೆ ಔಷಧಿ ಇಲ್ಲ, ಕಿತ್ತು ಹಾಕಬೇಕು. ಮನಸ್ಸಿಗೆ ಕಷ್ಟ, ಗೊತ್ತು. ಆದರೆ ಅದು ಪಕ್ಕದ ಕುಂಡಕ್ಕೆ ಹರಡೋಕೆ ಒಂದು ಹೇನು ಸಾಕು. ಕಿತ್ತಳೆ ಬಣ್ಣದ, ಚುಕ್ಕೆಯ ಟೈಗರ್ ಲಿಲ್ಲಿ ಇದ್ದರೆ ಇನ್ನೂ ಜೋಪಾನ. ಅದು ವೈರಸ್ ಇಟ್ಟುಕೊಂಡೂ ಏನೂ ಆಗಿಲ್ಲದ ಹಾಗೆ ಹೂ ಬಿಡುತ್ತೆ, ಅಕ್ಕಪಕ್ಕದ್ದಕ್ಕೆ ಹಂಚುತ್ತೆ.

ಗಡ್ಡೆಯಿಂದ ಗಡ್ಡೆಗೆ ಬರೋ ಈ ವೈರಸ್‌ಗಳು ಬೀಜದ ಮೂಲಕ ಸಾಮಾನ್ಯವಾಗಿ ದಾಟಲ್ಲ. ಹಾಗಾಗಿ ಬೀಜದಿಂದ ಬೆಳೆಸಿದ ಲಿಲ್ಲಿ ಹೊಸದಾಗಿ ಫಾರ್ಮ್ಯಾಟ್ ಮಾಡಿದ ಮಷೀನ್ ಇದ್ದ ಹಾಗೆ, ಆದರೆ ಹೂ ಬಿಡೋಕೆ ವರ್ಷಗಟ್ಟಲೆ ಕಾಯಬೇಕು. ಇನ್ನೊಂದು ದಾರಿಯನ್ನ 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ತೋರಿಸಿದರು. ಅವರ ಪ್ರಯೋಗ ಡೇಲಿಯಾ ಮೇಲೆ. ಚಿಗುರಿನ ತುತ್ತತುದಿಗೆ ವೈರಸ್ ಇನ್ನೂ ತಲುಪಿರೋದಿಲ್ಲ, ಆ ಚೂರನ್ನ ಕತ್ತರಿಸಿ ಗಾಜಿನ ನಳಿಕೆಯಲ್ಲಿ ಬೆಳೆಸಿದರೆ ಶುದ್ಧ ಗಿಡ. ಮುಂದೆ ಲಿಲ್ಲಿಗೂ ಅದೇ ವಿದ್ಯೆ ಬಂತು. ನಮ್ಮಲ್ಲಿನ ಪಾಲಿಹೌಸ್‌ಗಳಿಗೆ ಹಾಲೆಂಡಿನಿಂದ ಗಡ್ಡೆ ತರಿಸೋದಕ್ಕೆ ಒಂದು ಕಾರಣ, ಅಲ್ಲಿನ ಗಡ್ಡೆ ವೈರಸ್ ತಪಾಸಣೆ ದಾಟಿ ಬಂದಿರುತ್ತೆ. ಪುಣೆ ಅಂಗಡಿಯ ಆ ದುಬಾರಿ ಕಡ್ಡಿಯ ಬೆಲೆಯಲ್ಲಿ ಈ ತಪಾಸಣೆಯ ಖರ್ಚೂ ಸೇರಿದೆ.

ಸಿಲೋನಿನ ಕಾಫಿ, ವಾರ್ಡ್ ಮತ್ತು ಪ್ಲಾಂಟರ್‌ಗಳ ಜಗಳ ಇಲ್ಲಿ ನಾಲ್ಕು ಸಾಲಿಗೆ ಮುಗಿಸಿದ್ದೀನಿ. ಅದಕ್ಕೂ ನಮ್ಮ ಕೊಡಗು, ಚಿಕ್ಕಮಗಳೂರಿಗೂ ನೇರ ಸಂಬಂಧ ಇದೆ. ಮುಂದಿನ ವಿಡಿಯೊ ಅದರ ಮೇಲೆ.